ಕಾಡಪ್ಪನನ್ನು ಕೆಡದಂತೆ ಇಟ್ಟ ಬಗೆ

ಸೊಣ್ಣಮ್ಮನ ಬಳಿ ಗಂಡನ ಒಂದು ಫೋಟೋ ಕೂಡ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ದೊಡ್ಡನೆಕ್ಕುಂದಿಯ ಹಳೇ ಊರಿನ ನಡುವೆ ಮಣ್ಣಿನ ಗೋಡೆಯ ಮನೆ, ಅದರ ಬೆನ್ನಿಗೆ ಸಿಮೆಂಟ್ ಶೀಟು ಹೊದಿಸಿದ ಬಾಡಿಗೆ ಕೋಣೆಗಳ ಸಾಲು, ಬಾಡಿಗೆ ಎತ್ತುವುದಕ್ಕೆ ನಂಜಪ್ಪನೆಂಬ ಮಗ, ಆ ಮಗನ ಮೇಲೆ ಕಣ್ಣಿಡುವುದಕ್ಕೆ ಲಕ್ಷ್ಮಮ್ಮನೆಂಬ ಸೊಸೆ. ಗಂಡ ಕಾಡಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ್ದ ಮನುಷ್ಯ. ಕಾರ್ಖಾನೆಯವರು ಬಿಡದೆ ಗುರುತಿನ ಚೀಟಿಗೆ ಒಂದು ತೆಗೆಸಿದರು. ಆ ವರ್ಷವೇ ಸತ್ತು ತನ್ನ ಮಾತು ಸಾಧಿಸಿದ. ಚೀಟಿ ಅಂಗಿಯ ಜೇಬಿನಲ್ಲಿತ್ತು ಎನ್ನುವುದು, ಅಂಗಿಯ ಸಮೇತ ತೋಟದ ಮೂಲೆಯಲ್ಲಿ ಹೂಳಿ ಮನೆಗೆ ಬಂದು ಸ್ನಾನ ಮಾಡಿದ ಮೇಲೆ ಎಲ್ಲರಿಗೂ ನೆನಪಾಯಿತು.

ಪ್ರತಿವರ್ಷ ಹಿರಿಯರ ಹಬ್ಬದ ಅಮಾವಾಸ್ಯೆಗೆ ಬೀದಿಯ ಎಲ್ಲ ಮನೆಗಳಲ್ಲೂ ಸತ್ತವರ ಫೋಟೋದ ಮುಂದೆ ಎಡೆ ಇಡುತ್ತಿದ್ದರು. ಸೊಣ್ಣಮ್ಮ ಒಂದು ಕಳಶಕ್ಕೆ ಟವಲ್ಲು ಸುತ್ತಿ ಅದನ್ನೇ ಗಂಡ ಎಂದುಕೊಳ್ಳಬೇಕಿತ್ತು. ಈಚೆಗೆ ಅವಳಿಗೆ ಒಂದು ಹೊಸ ಕಷ್ಟ ಶುರುವಾಗಿತ್ತು. ಕಣ್ಣು ಮುಚ್ಚಿದರೆ ಕಾಡಪ್ಪನ ಪಂಚೆ ಬರುತ್ತಿತ್ತು, ಮೀಸೆ ಬರುತ್ತಿತ್ತು, ಕೆಮ್ಮು ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ಒಂದೊಂದು ದಿನ ಆ ಪಂಚೆ ಮೀಸೆಗಳ ಮೇಲೆ ಹಾಲು ಹಾಕುವವನ ಮುಖ ಕುಳಿತು ಅವಳನ್ನೇ ನೋಡುತ್ತಿತ್ತು. ಅವಳು ಹಾಲು ಬದಲಾಯಿಸಿದಳು. ಆಮೇಲೆ ಬೇರೆ ಹಾಲಿನವನ ಮುಖ ಬರತೊಡಗಿತು.

ಇಂಥ ಹೊತ್ತಿನಲ್ಲಿ ಅವಳ ತಮ್ಮ ವೆಂಕಟರಮಣಪ್ಪ ಮಹದೇವಪುರದಿಂದ ಬಂದು ಜಗಲಿಯ ಮೇಲೆ ಒಂದು ಡಬ್ಬಿ ಇಟ್ಟ. ನಂಜಪ್ಪನ ಮದುವೆಯಲ್ಲಿ ಈತನೇ ಕ್ಯಾಮೆರಾ ಹಿಡಿದು ಓಡಾಡಿದವನು. ಬೀಗರ ಊಟದ ದಿನ ಮೊದಲ ಪಂಕ್ತಿಯಲ್ಲಿ ತನ್ನನ್ನು ಕೂರಿಸಲಿಲ್ಲ, ತನ್ನ ಎಲೆಗೆ ಬರೀ ಮೂಳೆ ಬಿತ್ತು ಎಂದು ಸಿಟ್ಟಾಗಿ ಕ್ಯಾಮೆರಾ ಸಮೇತ ಎದ್ದುಹೋಗಿದ್ದ. ಕೊನೆಯ ರೋಲು ಅವನ ಬಳಿಯೇ ಉಳಿದಿತ್ತು. ಈಗ ಹಲ್ಲೆಲ್ಲ ಉದುರಿ, ಮಾಂಸದ ಮೇಲಿನ ಜಗಳಕ್ಕೆ ಅರ್ಥವಿಲ್ಲ ಅನ್ನಿಸಿದ್ದರಿಂದ ವಾಪಸು ತಂದಿದ್ದ.

“ಇದ್ರೊಳಗೆ ಹನ್ನೆರಡು ಫೋಟೋ ಐತೆ, ಒಂದ್ರಲ್ಲಿ ಭಾವ ಅವ್ನೆ ಅಕ್ಕ. ನಾನೇ ತೆಗ್ದಿದ್ದು, ಅವ್ನಿಗೆ ಗೊತ್ತಾಗ್ದಂಗೆ,” ಎಂದ.

ಸೊಣ್ಣಮ್ಮ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಏನೋ ಹೊರಳಿತು.

ನಂಜಪ್ಪ ಅದನ್ನು ಸುತ್ತಲಿನ ಸ್ಟುಡಿಯೋಗಳಿಗೆಲ್ಲ ಹೊತ್ತು ತಿರುಗಿದ. ಈಗೆಲ್ಲ ಕಂಪ್ಯೂಟರ್, ಕಪ್ಪು-ಬಿಳುಪು ರೋಲು ತೊಳೆಯುವವರು ಯಾರೂ ಇಲ್ಲ, ಬಿಸಾಕಿ ಎಂದರು. ಈ ಸಂಗತಿ ವಠಾರದ ನಲ್ಲಿಯ ಹತ್ತಿರ ಚರ್ಚೆಯಾಗುತ್ತಿದ್ದಾಗ, ಕೊಡ ತುಂಬಿದ್ದರೂ ಅದನ್ನು ಎತ್ತದೆ ನಿಂತಿದ್ದ ಗದಿಗೆಪ್ಪ, “ಅಷ್ಟೇ ಏನ್ರಿ? ಅದನ್ನ ನಾ ಮಾಡತೀನಿ,” ಎಂದುಬಿಟ್ಟ.

ಗದಿಗೆಪ್ಪ ರೋಣದ ಕಡೆಯವನು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಪೈಪುಗಳ ವೆಲ್ಡಿಂಗಿಗೆ ಎಕ್ಸ್‌ರೇ ತೆಗೆದು ಬಿರುಕು ಹುಡುಕುವ ಸಣ್ಣ ಶೆಡ್ ಒಂದರಲ್ಲಿ ಕೆಲಸ. ಅಲ್ಲಿ ಅವನ ಜವಾಬ್ದಾರಿ ಎರಡು: ಒದ್ದೆ ಫಿಲ್ಮುಗಳನ್ನು ತಂತಿಗೆ ನೇತುಹಾಕುವುದು, ಕೆಳಗೆ ಬಿದ್ದ ನೀರು ಒರೆಸುವುದು. ವಠಾರದಲ್ಲಿ ಮಾತ್ರ ಅವನು ಎಕ್ಸ್‌ರೇ ಇಂಜಿನಿಯರ್. ಪಕ್ಕದ ಕೋಣೆಯ ಚನ್ನಕ್ಕ ಮೊಣಕಾಲು ನೋವೆಂದು ಬಂದಾಗ ಅವನು ಅದನ್ನು ಬರಿಗಣ್ಣಿನಿಂದ ಬಹಳ ಹೊತ್ತು ನೋಡಿ, ಒಳಗ ಎಲ್ಲಾ ಬರೋಬ್ಬರಿ ಐತಿ ಎಂದು ಕಳಿಸಿದ್ದ. ಹೀಗೆ ಗಳಿಸಿದ ಮರ್ಯಾದೆಯನ್ನು ಉಳಿಸಿಕೊಳ್ಳುವ ಕರ್ಮ ಈಗ ತಲೆಯ ಮೇಲೆ ಬಂತು.

ಸೊಣ್ಣಮ್ಮ ಒಂದೇ ಷರತ್ತು ಹಾಕಿದಳು. ಸತ್ತವರನ್ನು ಕಂಡಕಂಡ ದಿನ ಕರೆಯುವ ಹಾಗಿಲ್ಲ. ಹಿರಿಯರ ಅಮಾವಾಸ್ಯೆಯ ದಿನ, ಎಡೆ ಇಟ್ಟು ಬಾಗಿಲು ಮುಚ್ಚಿದ ಮೇಲೆಯೇ ರೋಲಿನಿಂದ ಅವರನ್ನು ಈಚೆಗೆ ತೆಗೆಯಬೇಕು. ಅಲ್ಲಿಯವರೆಗೆ ಡಬ್ಬಿ ಅವಳ ಹತ್ತಿರವೇ ಇರಬೇಕು.

ಗದಿಗೆಪ್ಪ ಒಪ್ಪಿದ. ಅವನ ಶೆಡ್ಡಿನಲ್ಲಿ ಅದೇ ತಾನೇ ಹೊಸ ಯಂತ್ರ ಬಂದು ಹಳೆಯ ಪುಡಿ ಪೊಟ್ಟಣಗಳು ಮೂಲೆ ಸೇರಿದ್ದವು. ಅಲ್ಲಿಯ ಟೆಕ್ನೀಷಿಯನ್ ಹರ್ಷವರ್ಧನನನ್ನು ಕೇಳಿ ಎರಡು ಪೊಟ್ಟಣ ತಂದ. ಒಂದು ಡೆವಲಪರ್, ಚಿತ್ರವನ್ನು ಎಬ್ಬಿಸುವ ಔಷಧ. ಇನ್ನೊಂದು ಫಿಕ್ಸರ್, ಎದ್ದದ್ದನ್ನು ನಿಲ್ಲಿಸಿ ಉಳಿದದ್ದನ್ನು ತೊಳೆಯುವ ಔಷಧ. ಅಮಾವಾಸ್ಯೆಗೆ ಇನ್ನೂ ಎಷ್ಟೋ ದಿನವಿತ್ತು. ಆದರೆ ವಠಾರದ ಜನ ಸುತ್ತ ನೆರೆದು ಪೊಟ್ಟಣದ ಮೇಲಿನ ಇಂಗ್ಲಿಷನ್ನು ಭಕ್ತಿಯಿಂದ ನೋಡುತ್ತಿದ್ದಾಗ ಅದನ್ನು ಸುಮ್ಮನೆ ಗೂಡಿನಲ್ಲಿಡುವುದು ಗದಿಗೆಪ್ಪನ ಕೈಯಲ್ಲಾಗಲಿಲ್ಲ. ಡೆವಲಪರ್ ಪೊಟ್ಟಣವನ್ನು ಎಲ್ಲರೆದುರು ಹರಿದು, ಬಿಸಿನೀರಿನ ಬಕೆಟ್ಟಿಗೆ ಸುರಿದು, ಬಿದಿರು ಕೋಲಿನಿಂದ ತಿರುವಿದ. ಪುಡಿ ಕರಗಿ ನೀರು ತಿಳಿಯಾಯಿತು. ಚನ್ನಕ್ಕ ಕೈಮುಗಿದಳು.

ಮರುದಿನ ಹರ್ಷವರ್ಧನ್ ತಲೆ ಚಚ್ಚಿಕೊಂಡ.

“ಪೌಡರ್ ಆಗೇ ಇಟ್ಟಿದ್ರೆ ವರ್ಷಗಟ್ಟಲೆ ಇರ್ತಿತ್ತಲ್ಲ ಗುರು. ಈಗ್ಲೇ ಯಾಕೆ ಕಲಸ್ದೆ?”

ಗದಿಗೆಪ್ಪ ನೆಲ ಒರೆಸುವ ಬಟ್ಟೆ ಕೈಗೆತ್ತಿಕೊಂಡ. ಹರ್ಷವರ್ಧನ್ ಪಾಪ ಒಳ್ಳೆಯವನು, ಕಲಸಿದ್ದನ್ನು ಕಾಪಾಡುವ ಬಗೆ ಹೇಳಿಕೊಟ್ಟ. ಇದರ ಶತ್ರು ಗಾಳಿ. ಕಂದು ಬಣ್ಣದ ಗಾಜಿನ ಬಾಟಲಿಗೆ ಕುತ್ತಿಗೆಯವರೆಗೆ ತುಂಬಬೇಕು, ಮೇಲೆ ಒಂದು ಬೆರಳಿನಷ್ಟೂ ಜಾಗ ಬಿಡಬಾರದು. ಸ್ವಲ್ಪ ಬಳಸಿ ಮಟ್ಟ ಇಳಿದರೆ ಒಳಗೆ ಗೋಲಿ ಹಾಕಿ ಮತ್ತೆ ಮೇಲಕ್ಕೆ ತರಬೇಕು. ಬಿಗಿಯಾಗಿ ಬಿರಡೆ ಹಾಕಿ ಕತ್ತಲಲ್ಲಿ, ತಂಪಿನಲ್ಲಿ ಇಡಬೇಕು. ಚಹಾದ ಬಣ್ಣಕ್ಕೆ ಬಂದರೆ ಹುಷಾರು. ಕಾಫಿಯ ಬಣ್ಣಕ್ಕೆ ಬಂದರೆ ಸತ್ತಿತು ಎಂದು ಲೆಕ್ಕ.

ದೊಡ್ಡನೆಕ್ಕುಂದಿಯಲ್ಲಿ ಕಂದು ಬಾಟಲಿ ಎಂದರೆ ಬೀರಿನ ಬಾಟಲಿ. ಬಾರಿನ ಹಿತ್ತಿಲಿನಿಂದ ಎರಡನ್ನು ಆರಿಸಿ ತಂದು ನಲ್ಲಿಯಲ್ಲಿ ತಿಕ್ಕಿದ. ಎರಡನ್ನೂ ಕಂಠಮಟ್ಟ ತುಂಬಿ ಮಂಚದ ಕೆಳಗಿಟ್ಟ. ಒಂದಕ್ಕೆ ಬಿರಡೆಯ ಮೇಲೆ ಮೇಣದಬತ್ತಿ ಕರಗಿಸಿ ಸುರಿದು ಸೀಲು ಮಾಡಿದ, ಅದು ಅಮಾವಾಸ್ಯೆಗೆ. ಇನ್ನೊಂದು ಪರೀಕ್ಷೆಗೆ. ಔಷಧ ಕೆಟ್ಟಿದೆಯೋ ಇಲ್ಲವೋ ನೋಡಬೇಕಲ್ಲ. ದಿನಾ ಸಂಜೆ ಬಾಗಿಲು ಕಿಟಕಿ ಮುಚ್ಚಿ, ದೇವರ ಮನೆಯ ಕೆಂಪು ಜೀರೋ ಬಲ್ಬು ಹಾಕಿ, ಶೆಡ್ಡಿನಿಂದ ತಂದ ಫಿಲ್ಮಿನ ತುಣುಕನ್ನು ಒಂದು ಬಟ್ಟಲು ಔಷಧದಲ್ಲಿ ಮುಳುಗಿಸುತ್ತಿದ್ದ. ಬಟ್ಟಲಿನಷ್ಟು ಮಟ್ಟ ಇಳಿಯುತ್ತಿತ್ತು. ಅಷ್ಟಕ್ಕೆ ಗೋಲಿ ಹಾಕುತ್ತಿದ್ದ. ಗೋಲಿಗಳು ಒಂದೊಂದಾಗಿ ಮುಳುಗಿ, ತಳದಲ್ಲಿ ಒಂದರ ಮೇಲೊಂದು ಕುಳಿತು, ಗಾಜಿನೊಳಗಿನಿಂದ ಅವನತ್ತ ನೋಡುತ್ತಿದ್ದವು. ಆ ನೋಟ ಅವನಿಗೆ ಸೇರುತ್ತಿರಲಿಲ್ಲ. ಬಾಟಲಿಯನ್ನು ಗೋಡೆಯತ್ತ ತಿರುಗಿಸಿ ಇಡುತ್ತಿದ್ದ. ದುಂಡು ಬಾಟಲಿಗೆ ಯಾವ ಕಡೆ ಮುಖ ಎಂದು ಯೋಚಿಸುವಷ್ಟು ಧೈರ್ಯ ಆ ಕೆಂಪು ಬೆಳಕಿನಲ್ಲಿ ಅವನಿಗಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಪರೀಕ್ಷೆಯ ಫಿಲ್ಮನ್ನು ಬಟ್ಟೆಯ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಲು ಬಿಟ್ಟ. ಅದರಲ್ಲಿ ಒಂದು ಪೈಪಿನ ವೆಲ್ಡಿಂಗ್ ಗೆರೆ ಮೂಡಿತ್ತು. ಬೂದು ಬಣ್ಣದಲ್ಲಿ, ಗಂಟು ಗಂಟಾಗಿ, ಉದ್ದಕ್ಕೆ. ಚನ್ನಕ್ಕ ಸೀರೆ ಹರವಲು ಬಂದವಳು ಅದರ ಮುಂದೆ ನಿಂತುಬಿಟ್ಟಳು.

“ಯವ್ವಾ, ಇದು ಯಾರ ಬೆನ್ನೆಲಬೋ ತಮ್ಮಾ?”

ಪೈಪಿಂದು ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪೈಪಿಗೆ ಯಾರು ಬೆಲೆ ಕೊಡುತ್ತಾರೆ? ಗದಿಗೆಪ್ಪ ಆಚೀಚೆ ನೋಡಿ, ದನಿ ತಗ್ಗಿಸಿ, “ಅದನ್ನ ಹೇಳೂ ಹಂಗಿಲ್ರಿ ಅಕ್ಕಾರ,” ಎಂದ.

ಮಧ್ಯಾಹ್ನದ ಹೊತ್ತಿಗೆ ಕಾಡಪ್ಪನ ಬೆನ್ನೆಲುಬು ಬಂದಿದೆ ಎಂಬ ಸುದ್ದಿ ನಲ್ಲಿ ದಾಟಿತು. ಸಂಜೆಗೆ ಅದು ಅಂಗಡಿಬೀದಿ ಮುಟ್ಟುವಷ್ಟರಲ್ಲಿ ಬೆನ್ನೆಲುಬು ಹೋಗಿ ಇಡೀ ಕಾಡಪ್ಪನೇ ಬಾಟಲಿಯಲ್ಲಿದ್ದ. ಗದಿಗೆಪ್ಪ ಅವನನ್ನು ಗೋಲಿಗಳಿಂದ ಒತ್ತಿ ಕೂರಿಸಿದ್ದಾನೆ, ಗಾಳಿ ಬಿಟ್ಟರೆ ಎದ್ದುಬಿಡುತ್ತಾನೆ, ಅದಕ್ಕೇ ಮೇಣದ ಸೀಲು ಎಂದು ಚನ್ನಕ್ಕ ಕಿಟಕಿಯ ಸಂದಿಯಿಂದ ಕಂಡದ್ದನ್ನು ವಿವರವಾಗಿ ಹೇಳುತ್ತಿದ್ದಳು. ಮಕ್ಕಳು ಗದಿಗೆಪ್ಪನ ಕೋಣೆಯ ಮುಂದೆ ಓಡುವಾಗ ಉಸಿರು ಬಿಗಿಹಿಡಿದು ಓಡತೊಡಗಿದರು. ಹಾಲಿನವನು ಪಾತ್ರೆಯನ್ನು ಗೇಟಿನ ಹೊರಗೇ ಕೇಳತೊಡಗಿದ. ಮೊಣಕಾಲು ತೋರಿಸಲು ಯಾರೂ ಬರಲಿಲ್ಲ. ಎದುರಿಗೆ ಸಿಕ್ಕವರೆಲ್ಲ ಅವನಿಗೆ ದಾರಿ ಬಿಡುತ್ತಿದ್ದರು. ಗದಿಗೆಪ್ಪ ಇದನ್ನು ಗೌರವ ಎಂದು ತಿಳಿದ.

ನಂಜಪ್ಪ ಮಾತ್ರ ಹುಡುಕಿಕೊಂಡು ಬಂದ. ಆರಡಿ ಎತ್ತರದ ಆಳು, ಬಾಗಿಲಲ್ಲೇ ನಿಂತು ಮಂಚದ ಕೆಳಗೆ ಬಗ್ಗಿ ನೋಡಿ, ಹಿಂದೆ ಸರಿದ. ಬಾಟಲಿ ಇರೋದು ಅಲ್ಲೇನಾ ಎಂದು ಕೇಳಿದ. ಹೌದೆಂದ ಗದಿಗೆಪ್ಪ.

“ಫೋಟೋ ಬಂದ್ಮೇಲೆ... ಕಣ್ಣು ತೆರ್ಕೊಂಡಿರ್ತಾನಾ ನಮ್ಮಪ್ಪ?”

“ತೆರದಿದ್ರ ತೆರದ ಇರತಾರ್ರಿ.”

“ಗೋಡೆಗೆ ಹಾಕಿದ್ರೆ ಎಲ್ಲಿ ಹೋದ್ರೂ ನೋಡ್ತಾನಾ?”

ಗದಿಗೆಪ್ಪನಿಗೆ ಇದು ತಾಂತ್ರಿಕ ಪ್ರಶ್ನೆ ಅನ್ನಿಸಿತು. ಔಷಧ ತಾಜಾ ಇದ್ದರೆ ನೋಟ ಬಹಳ ಚೂಪಾಗಿ ಬರುತ್ತದೆ, ತಾನು ಅದಕ್ಕಾಗಿಯೇ ಇಷ್ಟು ಕಷ್ಟಪಡುತ್ತಿರುವುದು ಎಂದು ಧೈರ್ಯ ಹೇಳಿದ. ನಂಜಪ್ಪನ ಮುಖ ಸಿಮೆಂಟ್ ಶೀಟಿನ ಬಣ್ಣಕ್ಕೆ ಬಂತು. ಔಷಧ ಕೆಟ್ಟರೆ ಏನಾಗುತ್ತದೆ ಎಂದು ಮೆಲ್ಲಗೆ ಕೇಳಿದ. ಕೆಟ್ಟರೆ ಏನೂ ಬರುವುದಿಲ್ಲ, ಕಾಡಪ್ಪನವರು ಅಲ್ಲಿಯೇ ಉಳಿದುಹೋಗುತ್ತಾರೆ ಎಂದ ಗದಿಗೆಪ್ಪ. ನಂಜಪ್ಪ ತಲೆಯಾಡಿಸುತ್ತ ಹೋದ.

ಬಿಸಿಲು ಏರಿತು. ಶೀಟಿನ ಕೆಳಗೆ ಮಧ್ಯಾಹ್ನದ ಹೊತ್ತು ಅನ್ನ ಬೇಯಿಸಬಹುದಾದಷ್ಟು ಕಾವು. ಗೋಲಿ ಬಾಟಲಿಯ ಔಷಧ ನಿಂಬೆಹಣ್ಣಿನ ಶರಬತ್ತಿನ ಬಣ್ಣಕ್ಕೆ ತಿರುಗಿತು. ಗದಿಗೆಪ್ಪ ಹೆದರಿ ಅದನ್ನು ಚರಂಡಿಗೆ ಚೆಲ್ಲಿದ. ಉಳಿದದ್ದು ಮೇಣದ ಸೀಲಿನ ಒಂದೇ ಬಾಟಲಿ. ಅದನ್ನು ಎದೆಗವಚಿಕೊಂಡು ಸೊಣ್ಣಮ್ಮನ ಬಳಿ ಹೋಗಿ, ತಂಪು ಜಾಗ ಬೇಕು, ಕತ್ತಲಿರಬೇಕು ಎಂದು ಕೇಳಿಕೊಂಡ.

ಹಳೇ ಮನೆಯ ಒಳಕೋಣೆಯಂಥ ಜಾಗ ಇನ್ನೊಂದಿರಲಿಲ್ಲ. ಹಿಂದೆ ರಾಗಿ ತುಂಬುತ್ತಿದ್ದ ಕೋಣೆ. ಕಿಟಕಿಯಿಲ್ಲ, ಎರಡು ಮೊಳ ದಪ್ಪದ ಮಣ್ಣಿನ ಗೋಡೆ. ಹೊರಗಿನ ರಸ್ತೆಯಲ್ಲಿ ಕಂಪೆನಿ ಬಸ್ಸುಗಳು ಎಷ್ಟೇ ಅರಚಿದರೂ ಒಳಗೆ ಒಂದು ಸದ್ದಿಲ್ಲ. ಹಿರಿಯರ ಎಡೆ ಇಡುವುದೂ ಅಲ್ಲಿಯೇ. ಸೊಣ್ಣಮ್ಮ ಬಾಟಲಿಯನ್ನು ಗೂಡಿನಲ್ಲಿಟ್ಟು, ಅದರ ಮಗ್ಗುಲಲ್ಲಿ ರೋಲಿನ ಡಬ್ಬಿ ಇಟ್ಟಳು. ದೀಪ ತರಬೇಡಿ, ಸುಮ್ಮನೆ ಬಾಗಿಲು ತೆಗೆಯಬೇಡಿ ಎಂದು ಗದಿಗೆಪ್ಪ ಮನೆಯವರಿಗೆಲ್ಲ ಅಪ್ಪಣೆ ಮಾಡಿದ. ಲಕ್ಷ್ಮಮ್ಮ ಅಂದಿನಿಂದ ಆ ಬಾಗಿಲ ಮುಂದೆ ಓಡಾಡುವಾಗ ಸೆರಗು ತಲೆಯ ಮೇಲೆ ಹೊದ್ದುಕೊಳ್ಳತೊಡಗಿದಳು, ಮಾವನ ಎದುರು ಹೊದೆಯುತ್ತಿದ್ದ ಹಾಗೆ.

ಸೊಣ್ಣಮ್ಮ ಒಬ್ಬಳೇ ಒಳಗೆ ಹೋಗುತ್ತಿದ್ದಳು. ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಕೂರುತ್ತಿದ್ದಳು. ಒಮ್ಮೆ ಬಾಟಲಿ ನೋಡಿಹೋಗಲು ಬಂದ ಗದಿಗೆಪ್ಪನಿಗೆ ಹೊರಗಿನಿಂದ ಅವಳ ಮಾತು ಕೇಳಿಸಿತು. ದೇವರ ಹತ್ತಿರ ಮಾತಾಡುವ ದನಿಯಲ್ಲ. ಬಚ್ಚಲಲ್ಲಿರುವ ಗಂಡನಿಗೆ ಹೊರಗಿನಿಂದ ಹೇಳುವ ದನಿ. ಯಾವ ಹೊಲ ಹೋಯಿತು, ಯಾರು ಸತ್ತರು, ಮೊಮ್ಮಗಳು ಯಾವ ಕಂಪೆನಿಗೆ ಹೋಗುತ್ತಾಳೆ ಎಂದೆಲ್ಲ ಹೇಳಿ, ನಡುನಡುವೆ ಉತ್ತರಕ್ಕೆ ಬಿಡುವು ಕೊಡುತ್ತಿದ್ದಳು. ಒಂದು ಬಿಡುವು ಬಹಳ ಉದ್ದವಾಯಿತು. ಆಮೇಲೆ, “ಊಂ, ಸರಿ ಬುಡು,” ಎಂದಳು.

ಗದಿಗೆಪ್ಪ ಬಾಟಲಿ ನೋಡದೆ ವಾಪಸು ಹೋದ.

ಹಬ್ಬದ ಹಿಂದಿನ ಸಂಜೆ ಕರೆಂಟು ಹೋಗಿತ್ತು. ಬಾಟಲಿಯ ಸೀಲು ಗಟ್ಟಿಯಿದೆಯೇ ಎಂದು ಕಡೆಯ ಸಲ ನೋಡಲು ಅವನು ಬಂದ. ಸೊಣ್ಣಮ್ಮ ಜಗಲಿಯ ಮೇಲೆ ಬತ್ತಿ ಹೊಸೆಯುತ್ತಿದ್ದಳು. ಲಕ್ಷ್ಮಮ್ಮ ಹಿತ್ತಿಲಲ್ಲಿ ಕಜ್ಜಾಯದ ಅಕ್ಕಿ ಕುಟ್ಟುತ್ತಿದ್ದಳು. ನಂಜಪ್ಪ ಬಾಳೆ ಎಲೆ ತರಲು ಹೋಗಿದ್ದಾನೆ ಎಂದರು. ಅಂದರೆ ಒಳಗೆ ಯಾರೂ ಇಲ್ಲ. ಗದಿಗೆಪ್ಪ ಒಳಕೋಣೆಯ ಬಾಗಿಲಿಗೆ ಕೈ ಇಟ್ಟ. ಇಟ್ಟ ಕೈ ಅಲ್ಲಿಯೇ ನಿಂತಿತು.

ಒಳಗೆ ಯಾರೋ ನುಂಗುತ್ತಿದ್ದರು. ಗಟಗಟ ಎನ್ನುವ ಸದ್ದು, ಆಮೇಲೆ ಒಂದು ನಿಟ್ಟುಸಿರು. ಗಾಜಿಗೆ ಏನೋ ತಾಗಿತು. ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುರಿದಂತಾಯಿತು. ಕಡೆಗೆ ಗಂಡು ದನಿಯೊಂದು, ಬಾಯಿಗೆ ಬಟ್ಟೆ ಒತ್ತಿಕೊಂಡಂತೆ ಅಳತೊಡಗಿತು.

ಎಕ್ಸ್‌ರೇ ಇಂಜಿನಿಯರನು ಓಡಿದ ರೀತಿಯನ್ನು ಇಲ್ಲಿ ಬರೆಯುವುದು ಮರ್ಯಾದೆಯಲ್ಲ. ಒಂದು ಚಪ್ಪಲಿ ನಡುಮನೆಯಲ್ಲಿಯೇ ಉಳಿಯಿತು ಎಂದರೆ ಸಾಕು. ತನ್ನ ಕೋಣೆಯಲ್ಲಿ ಕಂಬಳಿ ಹೊದ್ದು ಕೂತಾಗ ಮೊದಲ ಸಲ ಅವನಿಗೆ ಒಂದು ಯೋಚನೆ ಬಂತು. ತಾನು ಊರಿಗೆಲ್ಲ ಹೇಳಿದ ಸುಳ್ಳು ತಾನು ಕೇಳದೆಯೇ ನಿಜವಾಗುತ್ತಿದೆಯೇ?

ಬೆಳಗಾದ ಮೇಲೆ ಹಬ್ಬ ಹಬ್ಬದಂತೆಯೇ ನಡೆಯಿತು. ಬಾಳೆ ಎಲೆಯ ಮೇಲೆ ಮುದ್ದೆ, ಮಾಂಸದ ಸಾರು, ಬೇಯಿಸಿದ ಮೊಟ್ಟೆ, ಕಜ್ಜಾಯ, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಕಾಡಪ್ಪನಿಗೆ ಪ್ರಿಯವಾದದ್ದು ಸಾರಾಯಿ. ಸರ್ಕಾರ ಪಾಕೆಟ್ ಸಾರಾಯಿಯನ್ನು ಇನ್ನೂ ನಿಷೇಧಿಸಿರದ ಕಾಲ ಅದು; ನಂಜಪ್ಪ ಮೊದಲೇ ತಂದಿಟ್ಟಿದ್ದ. ಹಿರೀಮಗನೇ ಸುರಿಯಬೇಕು ಎಂಬುದು ಆ ಮನೆಯ ಪದ್ಧತಿ. ಅವನು ಎಲ್ಲರಿಗೂ ಬೆನ್ನು ಮಾಡಿ, ಅಪ್ಪನ ಅಗಲ ಬಾಯಿಯ ಕಂಚಿನ ಬಟ್ಟಲಿಗೆ ತುಳುಕುವಂತೆ ಸುರಿದು, ಖಾಲಿ ಪಾಕೆಟ್ಟುಗಳನ್ನು ಮುದುರಿ ಜೇಬಿಗಿಟ್ಟುಕೊಂಡ. ನೀರಿನಂತೆ ತಿಳಿಯಾಗಿತ್ತು. ಸಾಂಬ್ರಾಣಿ ಹೊಗೆ ಎಷ್ಟಿತ್ತೆಂದರೆ ಬೇರೆ ಯಾವ ವಾಸನೆಯೂ ಯಾರಿಗೂ ತಿಳಿಯುವಂತಿರಲಿಲ್ಲ. ಸೊಣ್ಣಮ್ಮ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಎಳೆದಳು. ದೀಪ ಹಚ್ಚುವ ಹೊತ್ತಿನವರೆಗೆ ಇನ್ನು ಆ ಕೋಣೆ ಸತ್ತವರದು, ಮನೆಯವರಿಗೆ ಉಪವಾಸ.

ಬಾಗಿಲು ಎಳೆಯುವ ಮುನ್ನ ಈಚೆಗೆ ತೆಗೆದಿಟ್ಟಿದ್ದ ಬಾಟಲಿ, ಡಬ್ಬಿ ಎರಡನ್ನೂ ಲಕ್ಷ್ಮಮ್ಮ ಗದಿಗೆಪ್ಪನಿಗೆ ತಂದುಕೊಟ್ಟಳು, ಸೆರಗಿನಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿ. ಅವನು ಬಾಟಲಿಯನ್ನು ಬೆಳಕಿಗೆ ಎತ್ತಿ ನೋಡಿದ. ಸೀಲು ಸ್ವಲ್ಪ ಸೊಟ್ಟಗಿತ್ತು, ಶೆಖೆಗೆ ಕರಗಿರಬೇಕು. ಆದರೆ ಒಂದು ತೊಟ್ಟನ್ನು ಅಂಗೈಗೆ ಹಾಕಿಕೊಂಡಾಗ ಅವನ ಎದೆ ಉಬ್ಬಿತು. ಚಹಾ ಇಲ್ಲ, ಶರಬತ್ತಿಲ್ಲ, ಸಣ್ಣ ಹಳದಿ ಕೂಡ ಇಲ್ಲ. ಕಲಸಿದ ದಿನಕ್ಕಿಂತ ತಿಳಿ. ಔಷಧವನ್ನು ಇಷ್ಟು ಚೆನ್ನಾಗಿ ಕಾಪಾಡಿದವರು ಶೆಡ್ಡಿನಲ್ಲೇ ಯಾರೂ ಇಲ್ಲ ಎಂದು ಹರ್ಷವರ್ಧನನಿಗೆ ಹೇಳಬೇಕೆಂದುಕೊಂಡ.

ಕೋಣೆಯ ಸಂದುಗಳಿಗೆಲ್ಲ ಬಟ್ಟೆ ತುರುಕಿ, ಕೆಂಪು ಬಲ್ಬಿನ ಕೆಳಗೆ ರೋಲು ಬಿಚ್ಚಿದ. ಫಿಲ್ಮು ಸುರುಳಿ ಸುತ್ತಿಕೊಂಡು ಅವನ ಮಣಿಕಟ್ಟನ್ನು ಹಿಡಿಯಿತು. ಬಿಡಿಸಿ, ಪ್ಲಾಸ್ಟಿಕ್ ಟಬ್ಬಿನಲ್ಲಿ ಮುಳುಗಿಸಿ, ಶೆಡ್ಡಿನಲ್ಲಿ ನೋಡಿದಂತೆ ಆ ಕಡೆ ಈ ಕಡೆ ಎಳೆದಾಡಿದ. ಕಾದ. ಹಾಲಿನ ಕೆನೆಯ ಬಣ್ಣದ ಫಿಲ್ಮು ಕೆನೆಯ ಬಣ್ಣದಲ್ಲಿಯೇ ಉಳಿಯಿತು. ಹಳೇ ಮನುಷ್ಯ, ನಿಧಾನಕ್ಕೆ ಎದ್ದು ಬರುತ್ತಾನೆ ಎಂದು ಇನ್ನಷ್ಟು ಕಾದ. ಹೊರಗೆ ವಠಾರದಲ್ಲಿ ಒಂದು ಮಗುವೂ ಅಳುತ್ತಿರಲಿಲ್ಲ. ಬಾಗಿಲಾಚೆ ಇಡೀ ಸಾಲು ಉಸಿರು ಬಿಗಿಹಿಡಿದು ಕೂತಿದೆ ಎಂದು ಅವನಿಗೆ ಗೊತ್ತಾಗುತ್ತಿತ್ತು. ಕಡೆಗೆ ತಡೆಯಲಾರದೆ ಫಿಕ್ಸರಿಗೆ ಹಾಕಿದ. ಕೆನೆ ಕರಗತೊಡಗಿತು. ಎತ್ತಿ ನೋಡಿದರೆ ಕನ್ನಡಕದ ಗಾಜಿನಷ್ಟು ಸ್ವಚ್ಛವಾದ ಒಂದು ಪಟ್ಟಿ. ಅದರ ಆಚೆ ಅವನದೇ ಬೆರಳುಗಳು ಕಂಡವು.

ತೊಳೆದ. ಮತ್ತೆ ತೊಳೆದ. ತೊಳೆದರೆ ಬರುವಂಥದ್ದೇನೂ ಅದರಲ್ಲಿ ಇರಲಿಲ್ಲ.

ಊರು ಬಿಟ್ಟು ಓಡುವುದೋ, ಮೈ ಸರಿಯಿಲ್ಲ ಎಂದು ಮಲಗುವುದೋ ಎಂದು ಯೋಚಿಸುತ್ತಿದ್ದಾಗ ಚನ್ನಕ್ಕ ಬಾಗಿಲು ತಟ್ಟಿದಳು. ಎಡೆ ತೆಗೆಯುತ್ತಾರಂತೆ, ಅಮ್ಮಾರು ಕರೆಯುತ್ತಿದ್ದಾರೆ. ಗದಿಗೆಪ್ಪ ಒದ್ದೆ ಪಟ್ಟಿಯನ್ನು ಪೇಪರಿನಲ್ಲಿ ಸುತ್ತಿಕೊಂಡು, ಗಲ್ಲಿಗೇರುವವನಂತೆ ಹೊರಟ.

ನಡುಮನೆಯಲ್ಲಿ ಎಲ್ಲರೂ ನಿಂತಿದ್ದರು. ವೆಂಕಟರಮಣಪ್ಪ ಕೂಡ ಬಂದಿದ್ದ. ಸೊಣ್ಣಮ್ಮ ಮೂರು ಸಲ ಬಾಗಿಲು ತಟ್ಟಿ, ಕೆಮ್ಮಿ, ತಳ್ಳಿದಳು. ಸತ್ತವರು ಊಟದ ಮಧ್ಯೆ ಇದ್ದರೆ ಮುಜುಗರವಾಗಬಾರದೆಂದು ಹಾಗೆ ಕೆಮ್ಮುವುದು ಪದ್ಧತಿ. ಒಳಗೆ ಹೊಗೆ ಇಳಿದಿತ್ತು. ದೀಪ ಸಣ್ಣಗೆ ಉರಿಯುತ್ತಿತ್ತು. ಮುದ್ದೆ ಇಟ್ಟಂತೆಯೇ ಇತ್ತು, ಬೀಡಿಯ ಕಟ್ಟು ಇಟ್ಟಂತೆಯೇ ಇತ್ತು.

ಬಟ್ಟಲಿನಲ್ಲಿದ್ದದ್ದು ಕಪ್ಪಗಾಗಿತ್ತು.

ಮೊದಲು ಕಂಡವಳು ಲಕ್ಷ್ಮಮ್ಮ. ಅವಳು ಕೂಗಲಿಲ್ಲ, ಗೋಡೆ ಹಿಡಿದುಕೊಂಡು ಕೆಳಗೆ ಕೂತಳು. ಬೆಳಿಗ್ಗೆ ನೀರಿನಂತಿದ್ದದ್ದು ಈಗ ಕೆಂಪುಮಿಶ್ರಿತ ಕಪ್ಪು, ನಿಂತ ರಕ್ತದ ಹಾಗೆ; ಮೇಲೆ ತೆಳ್ಳಗೆ ಕೆನೆಗಟ್ಟಿ ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಚನ್ನಕ್ಕ ಹೊಸಿಲಾಚೆಯೇ ಅಡ್ಡಬಿದ್ದಳು. ವೆಂಕಟರಮಣಪ್ಪನ ಹಲ್ಲಿಲ್ಲದ ಬಾಯಿ ತೆರೆದೇ ಉಳಿಯಿತು.

ಸೊಣ್ಣಮ್ಮ ಒಬ್ಬಳಿಗೇ ಭಯವಾದಂತೆ ಕಾಣಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬಂದು ಹೋಗವ್ನೆ, ಬಾಯಿ ಇಟ್ಟವ್ನೆ ಎಂದಳು. ಆಮೇಲೆ ಅದನ್ನು ಮಗನ ಮುಂದೆ ಚಾಚಿದಳು. ಹಿರಿಯರು ಬಿಟ್ಟದ್ದನ್ನು ಮೊದಲು ಕುಡಿಯಬೇಕಾದವನು ಹಿರೀಮಗ.

“ಕುಡಿ ಕಣ್ಲಾ. ನಿಮ್ಮಪ್ಪನ ಎಂಜಲು.”

ನಂಜಪ್ಪ ಗೋಡೆಗೆ ಒತ್ತಿಕೊಂಡ. ಬಟ್ಟಲು ಹತ್ತಿರ ಬಂದಷ್ಟೂ ಅವನು ಕುಗ್ಗಿ ಚಿಕ್ಕವನಾದ. ಆರಡಿಯ ಆಳು ಕಡೆಗೆ ತಾಯಿಯ ಮೊಣಕಾಲಿನ ಹತ್ತಿರ ಬಂದು ಕುಸಿದು ಎಲ್ಲವನ್ನೂ ಹೇಳಿದ. ನಿನ್ನೆ ಸಂಜೆ ಧೈರ್ಯಕ್ಕೆಂದು ಇದೇ ಕತ್ತಲಲ್ಲಿ ಕೂತು ಅಪ್ಪನ ಸಾರಾಯಿಯನ್ನು ತಾನೇ ಕುಡಿದ. ಪಾಕೆಟ್ಟುಗಳು ಖಾಲಿಯಾದವು. ಹೇಗೂ ಅಪ್ಪ ಬರಬಾರದು ಅನ್ನಿಸಿತ್ತು. ಮೇಣ ಕಿತ್ತು ಬಾಟಲಿಯ ಔಷಧವನ್ನು ಪಾಕೆಟ್ಟುಗಳಿಗೆ ಬಗ್ಗಿಸಿಕೊಂಡು, ಬಾಟಲಿಗೆ ಬೋರ್‌ವೆಲ್ ನೀರು ತುಂಬಿ, ಮೇಣ ಮತ್ತೆ ಹಚ್ಚಿಟ್ಟ. ಬಾಟಲಿಯಲ್ಲಿ ನೀರಿದ್ದರೆ ಫೋಟೋ ಏಳುವುದಿಲ್ಲ, ಬಟ್ಟಲಿಗೆ ಸಾರಾಯಿಯ ಬದಲು ಔಷಧ ಸುರಿದರೆ ಎಡೆಗೂ ಕೊರತೆಯಿಲ್ಲ ಎಂದು ಲೆಕ್ಕ ಹಾಕಿದ್ದ.

“ಫೋಟೋದಿಂದ ಬ್ಯಾಡ ಅಂದ್ರೆ ಬಟ್ಲಿಂದ ಬಂದ್ಬುಟ್ನಲ್ಲವ್ವ,” ಎಂದು ತಲೆ ಚಚ್ಚಿಕೊಂಡ.

ಗದಿಗೆಪ್ಪನಿಗೆ ಆಗ ಎಲ್ಲವೂ ಹೊಳೆಯಿತು. ಅಗಲ ಬಾಯಿಯ ಬಟ್ಟಲು, ದೀಪದ ಕಾವು, ಇಡೀ ಮಧ್ಯಾಹ್ನದ ಗಾಳಿ. ಅವನ ಬದುಕಿನಲ್ಲಿ ಮೊದಲ ಬಾರಿಗೆ ಅವನ ಬಳಿ ಒಂದು ನಿಜವಾದ ವಿಷಯವಿತ್ತು, ಕೇಳುವವರೂ ನೆರೆದಿದ್ದರು.

“ಅಮ್ಮಾರ, ಅದು ಗಾಳಿಗಿ ಹಂಗ ಕಪ್ಪ ಆಗತದ್ರಿ. ಯಾರೂ ಬಂದಿಲ್ಲ.”

ಯಾರೂ ಅವನತ್ತ ತಿರುಗಿಯೂ ನೋಡಲಿಲ್ಲ. ವೆಂಕಟರಮಣಪ್ಪ ಮಾತ್ರ, ಇಂಜಿನಿಯರ್ರು ಅಂತಾರೆ, ಅಷ್ಟೂ ತಿಳಿಯಕ್ಕಿಲ್ವಲ್ಲ ಎಂದು ಗೊಣಗಿದ.

ಸೊಣ್ಣಮ್ಮ ಬಟ್ಟಲನ್ನು ಕೆಳಗಿಡಲಿಲ್ಲ. ಅಪ್ಪ ಬರಬಾರದು ಅಂತ ಯಾಕೆ ಅನ್ನಿಸಿತು ಎಂದು ಕೇಳಿದಳು. ದನಿ ಏರಿರಲಿಲ್ಲ. ನಂಜಪ್ಪ ಬಹಳ ಹೊತ್ತು ನೆಲ ಕೆರೆದ.

“ಸಮಾದಿ ಇಲ್ಲ ಕಣವ್ವ.”

ತೋಟದ ಮೂಲೆಯ ಸಮಾಧಿಯನ್ನು ಉಳಿಸಿಕೊಂಡು ಮಿಕ್ಕ ಜಮೀನು ಮಾತ್ರ ಕಂಪೆನಿಯವರಿಗೆ ಮಾರಿದ್ದೇನೆ, ಒಳಗೆ ಕಟ್ಟೆ ಕಟ್ಟಿ ತುಳಸಿ ಹಾಕಿದ್ದಾರೆ ಎಂದು ಅವನು ಅಷ್ಟು ದೂರ ನಡೆಯಲಾರದ ತಾಯಿಗೆ ಹೇಳಿಕೊಂಡು ಬಂದಿದ್ದ. ವರ್ಷ ವರ್ಷ ತೆಂಗಿನಕಾಯಿ ಒಯ್ದು ಸೆಕ್ಯುರಿಟಿಯವನು ಒಳಗೆ ಬಿಡದ ಕಾರಣ ಗೇಟಿನ ಹೊರಗೆ ಒಡೆದು ಬರುತ್ತಿದ್ದ.

“ಈಗಲ್ಲಿ ಏನೈತೆ?” ಎಂದಳು ಸೊಣ್ಣಮ್ಮ.

“ಕಾರು ನಿಲ್ಲಿಸ್ತಾರೆ. ನೆಲದ ಕೆಳಗೆ ಎರಡಂತಸ್ತು ಅಗೆದವ್ರೆ.”

“ಮೂಳೆ?”

“ಮಣ್ಣಿನ ಜೊತೆ ಲಾರಿಗೋಯ್ತು.”

ಲಾರಿ ಯಾವ ಕಡೆ ಹೋಯಿತು ಎಂದು ಅವಳು ಕೇಳಲಿಲ್ಲ. ಬಟ್ಟಲನ್ನು ಎಲೆಯ ಮುಂದೆ ಇದ್ದಲ್ಲಿಯೇ ಇಟ್ಟು, ಗದಿಗೆಪ್ಪನತ್ತ ಕೈ ಚಾಚಿದಳು. ಅವನು ಪೇಪರು ಬಿಚ್ಚಿ ಪಟ್ಟಿ ಕೊಟ್ಟ. ಅವಳು ಅದನ್ನು ದೀಪದ ಎದುರು ಹಿಡಿದು, ಈ ತುದಿಯಿಂದ ಆ ತುದಿಯವರೆಗೆ, ಒಂದೊಂದು ಫೋಟೋ ಇರಬೇಕಾಗಿದ್ದ ಜಾಗದಲ್ಲಿ ನಿಂತು ನಿಂತು ನೋಡಿದಳು. ಗಾಜಿನಂಥ ಪಟ್ಟಿಯ ಆಚೆ ದೀಪ, ದೀಪದ ಆಚೆ ಗೋಡೆ. ಪಟ್ಟಿ ಮುಗಿಯಿತು. ಮಡಚಿ ಮಡಿಲಿಗೆ ಹಾಕಿಕೊಂಡಳು.

“ನಿಮ್ಮಪ್ಪನ ಕೆನ್ನೆ ಮೇಲೆ ಒಂದು ಮಚ್ಚೆ ಇತ್ತಲ್ಲ,” ಎಂದಳು. “ಯಾವ ಕಡೆ?”

ಎಡಕ್ಕೆ ಎಂದ ನಂಜಪ್ಪ. ಬಲಕ್ಕೆ, ತಾನು ಕ್ಯಾಮೆರಾದಲ್ಲಿ ನೋಡಿದವನು ಎಂದ ವೆಂಕಟರಮಣಪ್ಪ. ಮಚ್ಚೆ ಇದ್ದದ್ದು ಮಾವನಿಗಲ್ಲ, ಮಾವನ ಅಣ್ಣನಿಗೆ ಎಂದಳು ಲಕ್ಷ್ಮಮ್ಮ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರಿಗೂ ತಾವು ಹೇಳಿದ್ದರ ಮೇಲೆಯೇ ನಂಬಿಕೆ ಉಳಿಯಲಿಲ್ಲ. ಸೊಣ್ಣಮ್ಮ ಕಣ್ಣು ಮುಚ್ಚಿ ಒಂದು ಗಳಿಗೆ ಕೂತಳು. ತೆರೆದು, ಎಲ್ಲರಿಗೂ ಎಲೆ ಹಾಕು ಎಂದು ಸೊಸೆಗೆ ಹೇಳಿದಳು.

ಎರಡು ದಿನದ ಮೇಲೆ ಶೆಡ್ಡಿನಲ್ಲಿ ಇದನ್ನೆಲ್ಲ ಕೇಳಿದ ಹರ್ಷವರ್ಧನ್ ಮತ್ತೆ ತಲೆ ಚಚ್ಚಿಕೊಂಡ. ಕೆಂಪು ಬಲ್ಬು ಎಕ್ಸ್‌ರೇ ಫಿಲ್ಮಿಗೆ ನಡೆಯುತ್ತದೆ, ಕ್ಯಾಮೆರಾ ರೋಲಿಗೆ ನಡೆಯುವುದಿಲ್ಲ, ಔಷಧ ಸರಿಯಿದ್ದಿದ್ದರೂ ಆ ಬೆಳಕಿಗೆ ಎಲ್ಲ ಕಪ್ಪಾಗಿಹೋಗುತ್ತಿತ್ತು ಎಂದು ಹೇಳಿದ. ಗದಿಗೆಪ್ಪ ಅದನ್ನು ವಠಾರದಲ್ಲಿ ಯಾರಿಗೂ ಹೇಳಲಿಲ್ಲ. ಹೇಳಲು ಅವನು ಅಲ್ಲಿ ಇರಲೂ ಇಲ್ಲ. ಸತ್ತವರನ್ನು ಕರೆದು ವಾಪಸು ಕಳಿಸಲು ಬಾರದವನ ಪಕ್ಕದಲ್ಲಿ ಇರುವುದಿಲ್ಲ ಎಂದು ಚನ್ನಕ್ಕ ಹಟ ಹಿಡಿದಿದ್ದರಿಂದ, ಅವನು ಟ್ರಂಕು ಹೊತ್ತು ಬ್ರೂಕ್‌ಫೀಲ್ಡಿನ ಕಡೆ ಬೇರೆ ಕೋಣೆ ಹುಡುಕಿಕೊಂಡಿದ್ದ.

ಆ ಹಬ್ಬದಲ್ಲಿ ಹೋದದ್ದು ಹನ್ನೆರಡು ಫೋಟೋ. ಅವುಗಳಲ್ಲಿ ಕಾಡಪ್ಪ ಇದ್ದದ್ದು ಒಂದು. ಸಮಾಧಿ ಒಂದು. ಮಚ್ಚೆ ಒಂದು, ಎಡಕ್ಕೋ ಬಲಕ್ಕೋ.